ಮೀಟಿದ ನಾದದ ಆಯುಸ್ಸು

— ಅಂತಿಮ ಬಿ. ಎ. ವಿದ್ಯಾರ್ಥಿ, ಹೆಡತಲೆ

ಮೀಟಿದ ತಂತಿಯ ನಾದವು ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಕೊಳಲಿಗೆ ಊದುವವನ ಉಸಿರುಂಟು, ಪಿಟೀಲಿಗೆ ಕಮಾನುಂಟು, ಹಾರ್ಮೋನಿಯಮ್ಮಿಗೆ ತಿದಿಯುಂಟು. ಈ ವಾದ್ಯಗಳಲ್ಲಿ ನುಡಿಸುವವನು ಬೇಕೆಂದಷ್ಟು ಹೊತ್ತು ನಾದಕ್ಕೆ ಅನ್ನವಿಕ್ಕುತ್ತಲೇ ಇರಬಹುದು. ವೀಣೆ, ಗಿಟಾರುಗಳ ಪಾಡು ಹಾಗಲ್ಲ. ಒಂದು ಮೀಟಿನಲ್ಲಿ ಕೊಟ್ಟದ್ದೆಷ್ಟೋ ಅಷ್ಟೇ ಅವುಗಳ ಬಂಡವಾಳ. ಅದನ್ನು ಖರ್ಚುಮಾಡಿಕೊಂಡು ಅವು ಮೌನವಾಗುತ್ತವೆ. ಇಂಗ್ಲಿಷಿನಲ್ಲಿ ‘ಸಸ್ಟೇನ್’ ಎನ್ನುವುದನ್ನು ಈ ಲೇಖನದಲ್ಲಿ ನಾನು ‘ನಾದದ ಆಯುಸ್ಸು’ ಎಂದು ಕರೆಯುತ್ತೇನೆ. ಈ ಆಯುಸ್ಸನ್ನು ಹೆಚ್ಚಿಸಲು ಏನು ಮಾಡಬೇಕೆಂಬುದೇ ನನ್ನ ವಿಷಯ.

ವಿಷಯವು ಕೇವಲ ಕುತೂಹಲದ್ದಲ್ಲ. ನಮ್ಮ ಕಾಲೇಜಿನ ಸಂಗೀತ ಸಂಘದಲ್ಲಿ ಒಂದು ವಿದ್ಯುತ್ ಗಿಟಾರೂ ಅದರೊಡನೆ ಒಂದು ಸಿಂಥಸೈಜರ್ ಪೆಡಲೂ ಇವೆ. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಹಣ ಕೂಡಿಸಿ ತಂದವು ಅವು. ಗಿಟಾರಿನಿಂದ ಕೊಳಲಿನಂಥ, ಪಿಟೀಲಿನಂಥ, ಆರ್ಗನ್ನಿನಂಥ ಧ್ವನಿಯನ್ನು ಹೊರಡಿಸಬೇಕೆಂಬುದು ಅವರ ಆಸೆಯಾಗಿತ್ತು. ಧ್ವನಿಯೇನೋ ಬಂದಿತು, ಆದರೆ ನಿಲ್ಲಲಿಲ್ಲ. ನಿಧಾನವಾದ ಭಾವಗೀತೆಯೊಂದರ ನಡುವೆ ಸ್ವರವು ಥಟ್ಟನೆ ಕಡಿದುಹೋಗುತ್ತದೆ. ಆದುದರಿಂದ ಇವೆರಡನ್ನೂ ಮಾರಿ ಒಂದು ಕೀಬೋರ್ಡನ್ನು ಕೊಳ್ಳೋಣ, ಅದರಲ್ಲಿ ಮನೆಯನ್ನು ಒತ್ತಿ ಹಿಡಿದಷ್ಟು ಹೊತ್ತು ಸ್ವರ ನಿಲ್ಲುತ್ತದೆ ಎಂದು ಹಲವು ಮಿತ್ರರು ಹೇಳುತ್ತಿದ್ದಾರೆ. ಮಾರುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಈ ಪೆಡಲು ಮಾಡುವ ಕೆಲಸವೇನೆಂಬುದನ್ನು ತಿಳಿಯೋಣ. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ, ತಾಮ್ರದ ತಂತಿ ಸುತ್ತಿದ ಅಯಸ್ಕಾಂತವಿರುತ್ತದೆ. ತಂತಿ ಅಲುಗಿದಾಗ ಅದರಲ್ಲಿ ಅಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಪೆಡಲು ಆ ವಿದ್ಯುತ್ತನ್ನು ಪರೀಕ್ಷಿಸಿ, ತಂತಿಯು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ, ಎಷ್ಟು ಬಲವಾಗಿ ಕಂಪಿಸುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಆಧಾರದ ಮೇಲೆ ತನ್ನದೇ ಆದ ಧ್ವನಿಯೊಂದನ್ನು ಕಟ್ಟಿಕೊಡುತ್ತದೆ. ಬೇರೆ ಕೆಲವು ಪೆಡಲುಗಳು ಹೊಸ ಧ್ವನಿಯನ್ನು ಹುಟ್ಟಿಸದೆ ತಂತಿಯ ಧ್ವನಿಯನ್ನೇ ಸೋಸಿ, ರೂಪ ಬದಲಿಸಿ ಕಳುಹಿಸುತ್ತವೆ. ಎರಡೂ ಬಗೆಗಳಿಗೆ ಸಮಾನವಾದ ಒಂದು ಅಂಶವುಂಟು. ಪೆಡಲು ಹಾಡುವುದಕ್ಕೆ ಮುಂಚೆ ಕೇಳಬೇಕು. ಅದಕ್ಕೆ ಕೇಳಿಸದೆ ಹೋದದ್ದನ್ನು ಅದು ಹಾಡಲಾರದು.

ಸ್ವರವು ಥಟ್ಟನೆ ಕಡಿಯುವುದರ ಗುಟ್ಟು ಇಲ್ಲಿಯೇ ಇದೆ. ಗದ್ದಲವನ್ನೂ ಗುಯ್‌ಗುಡುವ ಶಬ್ದವನ್ನೂ ಸ್ವರವೆಂದು ತಪ್ಪಾಗಿ ತಿಳಿಯದಿರಲೆಂದು ಪೆಡಲಿನೊಳಗೆ ಒಂದು ಹೊಸ್ತಿಲನ್ನು ಇಟ್ಟಿರುತ್ತಾರೆ. ತಂತಿಯ ಬಲವು ಆ ಹೊಸ್ತಿಲಿಗಿಂತ ಮೇಲಿರುವವರೆಗೆ ಬಾಗಿಲು ತೆರೆದಿರುತ್ತದೆ, ಕೆಳಗಿಳಿದೊಡನೆ ಮುಚ್ಚುತ್ತದೆ. ಬರಿಯ ಗಿಟಾರಿನಲ್ಲಾದರೆ ನಾದವು ಮೆಲ್ಲಮೆಲ್ಲನೆ ಕರಗುವುದರಿಂದ ಕಿವಿಗೆ ನೋವಿಲ್ಲ. ಪೆಡಲಿನ ಮೂಲಕ ಬಂದಾಗ ಕತ್ತರಿಸಿದಂತೆ ನಿಲ್ಲುವುದರಿಂದ ಕೊರತೆ ಎದ್ದು ಕಾಣುತ್ತದೆ. ರಜೆಯಲ್ಲಿ ಅದನ್ನು ಊರಿಗೆ ಕೊಂಡೊಯ್ದಿದ್ದಾಗ ನಮ್ಮ ಅವ್ವ, “ಇದ್ಯಾಕ್ಲ ಮಗ, ಸೊಗಸಾಗ್ ಬತ್ತಿದ್ದುದ್ದು ಅರ್ಧಕ್ಕೇ ನಿಂತೋಯ್ತದೆ?” ಎಂದು ಕೇಳಿದಳು. ಶಾಲೆಯ ಮೆಟ್ಟಿಲು ಹತ್ತದ ಆಕೆಯ ಕಿವಿಯೂ ನಮ್ಮ ಸಂಗೀತ ಸಂಘದ ಕಿವಿಯೂ ಒಂದೇ ದೂರನ್ನು ಹೇಳಿದವು.

ಹಾಗಾದರೆ ದೋಷ ಪೆಡಲಿನದೆ? ಬಹುಮಟ್ಟಿಗೆ ಅಲ್ಲವೆಂದು ನನ್ನ ವಾದ. ಪೆಟ್ಟಿಗೆಯೊಳಕ್ಕೆ ಹೋಗುವ ನಾದಕ್ಕೆ ಆಯುಸ್ಸಿದ್ದರೆ ಹೊರಕ್ಕೆ ಬರುವ ನಾದಕ್ಕೂ ಆಯುಸ್ಸಿರುತ್ತದೆ. ಆದುದರಿಂದ ಚಿಕಿತ್ಸೆಯನ್ನು ತಂತಿಯಿಂದ ಆರಂಭಿಸಿ ಪೆಟ್ಟಿಗೆಯ ಕಡೆಗೆ ಹೋಗಬೇಕು. ನಾವು ಮಾಡುತ್ತಿರುವುದು ಇದಕ್ಕೆ ವಿರುದ್ಧ. ಪೆಟ್ಟಿಗೆಯನ್ನು ಶಪಿಸಿ ಇನ್ನೊಂದು ಪೆಟ್ಟಿಗೆಯ ಬೆಲೆಯನ್ನು ವಿಚಾರಿಸುತ್ತಿದ್ದೇವೆ. ತಂತಿಯಿಂದ ಆರಂಭಿಸುವುದರಲ್ಲಿ ಇನ್ನೊಂದು ಅನುಕೂಲವೂ ಉಂಟು: ಆ ದಾರಿಯಲ್ಲಿ ಅಗ್ಗವಾದ ಉಪಾಯಗಳು ಮೊದಲು ಸಿಕ್ಕುತ್ತವೆ.

ಸಂಘದ ಗಿಟಾರನ್ನೇ ನೋಡಿ. ಅದರ ತಂತಿಗಳು ಹತ್ತಾರು ಕೈಗಳ ಬೆವರು ಕುಡಿದು ತುಕ್ಕು ಹಿಡಿದಿವೆ. ಕೊಳೆ ಕಟ್ಟಿದ ತಂತಿಯು ಹೊಸ ತಂತಿಯಷ್ಟು ಹೊತ್ತು ಕಂಪಿಸದು. ಒಂದು ಕಟ್ಟು ಹೊಸ ತಂತಿಗೆ ಕೆಲವು ನೂರು ರೂಪಾಯಿಗಳು ಸಾಕು. ಎರಡನೆಯದಾಗಿ, ತಂತಿಯು ತೀರ ತಗ್ಗಿನಲ್ಲಿದ್ದು ಮುಂದಿನ ಮೆಟ್ಟಿಲುಗಳಿಗೆ ತಾಗಿ ಝರ್ರೆನ್ನುತ್ತಿದ್ದರೆ, ಪ್ರತಿಯೊಂದು ತಾಗುವಿಕೆಯಲ್ಲಿಯೂ ಅದರ ಶಕ್ತಿ ಪೋಲಾಗುತ್ತದೆ. ತಂತಿಯನ್ನು ಸ್ವಲ್ಪ ಎತ್ತರಿಸಿದರೆ ಈ ನಷ್ಟ ತಪ್ಪುತ್ತದೆ. ಮೂರನೆಯದು ಸ್ವಲ್ಪ ವಿಚಿತ್ರವಾದದ್ದು. ಧ್ವನಿ ಜೋರಾಗಲೆಂದು ಪಿಕಪ್ಪನ್ನು ತಂತಿಗೆ ತೀರ ಹತ್ತಿರ ಏರಿಸಿದರೆ ಅದರ ಅಯಸ್ಕಾಂತವು ತಂತಿಯನ್ನು ತನ್ನೆಡೆಗೆ ಸೆಳೆದು ಕಂಪನವನ್ನೇ ತಡೆಯುತ್ತದೆ, ಶ್ರುತಿಯೂ ಕೆಡುತ್ತದೆ. ತಿರುಪು ಮೊಳೆಯನ್ನು ತಿರುಗಿಸಿ ಪಿಕಪ್ಪನ್ನು ಸ್ವಲ್ಪ ಇಳಿಸಿದರೆ ಜೋರು ತುಸು ಕಡಿಮೆಯಾದೀತು, ಆಯುಸ್ಸು ಹೆಚ್ಚೀತು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಕೈಯ ಕೆಲಸವನ್ನೂ ಮರೆಯಬಾರದು. ಎಡಗೈ ಬೆರಳನ್ನು ಎರಡು ಮೆಟ್ಟಿಲುಗಳ ನಡುಮಧ್ಯದಲ್ಲಿ ಸಡಿಲವಾಗಿ ಒತ್ತಿದರೆ ಬೆರಳಿನ ಮೆದು ಮಾಂಸವೇ ಕಂಪನವನ್ನು ನುಂಗುತ್ತದೆ. ಮೆಟ್ಟಿಲಿನ ಬೆನ್ನಿಗೇ ಒತ್ತಬೇಕು. ಸ್ವರ ಮುಗಿಯುವವರೆಗೆ ಒತ್ತಡವನ್ನು ಬಿಡಬಾರದು. ನಮ್ಮಲ್ಲಿ ಅನೇಕರು ಮೀಟಿದ ಮರುಕ್ಷಣವೇ ಬೆರಳನ್ನು ಮುಂದಿನ ಸ್ವರಕ್ಕೆ ಓಡಿಸಿ, ನಾದ ನಿಲ್ಲಲಿಲ್ಲವೆಂದು ದೂರುತ್ತಾರೆ. ನಿಲ್ಲಲು ಅವರು ಬಿಟ್ಟರಲ್ಲವೆ ಅದು ನಿಲ್ಲುವುದು!

ಇಷ್ಟಾದ ಮೇಲೆ ಯಂತ್ರದ ಸಹಾಯವನ್ನು ಕೇಳಬಹುದು. ಅದರಲ್ಲಿ ಮೊದಲನೆಯದು ಕಂಪ್ರೆಸರ್. ಇದು ಗಿಟಾರಿಗೂ ಸಿಂಥಸೈಜರ್ ಪೆಡಲಿಗೂ ನಡುವೆ ಇಡುವ ಸಣ್ಣ ಪೆಟ್ಟಿಗೆ. ಮೀಟಿನ ಆರಂಭದ ಹೊಡೆತವನ್ನು ಇದು ತಗ್ಗಿಸುತ್ತದೆ, ಆಮೇಲಿನ ಕ್ಷೀಣ ನಾದವನ್ನು ಎತ್ತಿ ಹಿಡಿಯುತ್ತದೆ. ಇದರ ಪ್ರಯೋಜನವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ತಂತಿಯ ಬಲವು ಸೆಕೆಂಡಿಗೆ 8 ಡೆಸಿಬೆಲ್‌ನಂತೆ ಇಳಿಯುತ್ತದೆ ಎನ್ನಿ. ಆರಂಭದ ಬಲಕ್ಕಿಂತ 40 ಡೆಸಿಬೆಲ್ ಕೆಳಗೆ ಪೆಡಲಿನ ಹೊಸ್ತಿಲಿದೆ ಎನ್ನಿ. ಆಗ ಸ್ವರವು 5 ಸೆಕೆಂಡು ಬದುಕುತ್ತದೆ. ಕಂಪ್ರೆಸರು ಕ್ಷೀಣ ನಾದವನ್ನು 12 ಡೆಸಿಬೆಲ್‌ನಷ್ಟು ಮೇಲೆತ್ತಿದರೆ, 52ನ್ನು 8ರಿಂದ ಭಾಗಿಸಿ ಆರೂವರೆ ಸೆಕೆಂಡು. ಒಂದೂವರೆ ಸೆಕೆಂಡು ಅಲ್ಪವೆಂದು ತಿಳಿಯಬಾರದು. ವಿಳಂಬಕಾಲದ ಹಾಡಿನಲ್ಲಿ ಒಂದು ಸಾಲು ಮುಗಿಯುವುದಕ್ಕೂ ಮುರಿಯುವುದಕ್ಕೂ ಇರುವ ಅಂತರ ಅಷ್ಟೇ.

ಆದರೆ ಕಂಪ್ರೆಸರಿಗೆ ನಾದ ಯಾವುದು, ಗದ್ದಲ ಯಾವುದು ಎಂಬ ವಿವೇಕವಿಲ್ಲ. ಎರಡನ್ನೂ ಒಟ್ಟಿಗೆ ಎತ್ತುತ್ತದೆ. ನಮ್ಮ ಹಳ್ಳಿಗಳಲ್ಲಿ ಭೂಸಂಪರ್ಕ ಸರಿಯಿಲ್ಲದ ಪ್ಲಗ್ಗುಗಳಲ್ಲಿ 50 ಹರ್ಟ್ಸಿನ ವಿದ್ಯುತ್ತಿನ ಗುಂಯ್ಕಾರವು ಗಿಟಾರಿನೊಳಕ್ಕೆ ನುಗ್ಗುವುದುಂಟು. ಅದನ್ನೂ ಕಂಪ್ರೆಸರು ಎತ್ತಿ ತೋರಿಸಿದರೆ ಪೆಡಲು ಗೊಂದಲಕ್ಕೆ ಬೀಳುತ್ತದೆ. ಆದುದರಿಂದ ಮೊದಲು ಭೂಸಂಪರ್ಕ, ಒಳ್ಳೆಯ ಕೇಬಲ್ಲು, ಅನಂತರ ಕಂಪ್ರೆಸರು.

ಪೆಡಲಿನ ಕಿವಿಗೂ ನಾವು ನೆರವಾಗಬೇಕು. ಗಿಟಾರಿನ ಅತ್ಯಂತ ಮಂದ್ರದ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೆ 12 ಮಿಲಿಸೆಕೆಂಡು. ಮೇಲಿನ ತಂತಿಯು ಸುಮಾರು 330 ಸಲ; ಒಂದು ಕಂಪನಕ್ಕೆ 3 ಮಿಲಿಸೆಕೆಂಡು. ಸ್ವರವನ್ನು ಗುರುತಿಸಲು ಒಂದೆರಡು ಕಂಪನಗಳಾದರೂ ಬೇಕಾದ್ದರಿಂದ ಮಂದ್ರದಲ್ಲಿ ಪೆಡಲು ತಡಮಾಡುತ್ತದೆ, ತಾರದಲ್ಲಿ ಚುರುಕಾಗಿರುತ್ತದೆ. ಕುತ್ತಿಗೆಯ ಕಡೆಯ ಪಿಕಪ್ಪನ್ನು ಆರಿಸಿ, ಟೋನ್ ಗುಬುಟನ್ನು ಇಳಿಸಿದರೆ ಮೂಲಸ್ವರ ಸ್ಪಷ್ಟವಾಗುತ್ತದೆ. ಒಂದೊಂದೇ ಸ್ವರವನ್ನು ಗುರುತಿಸುವ ಪೆಡಲಾದರೆ ಬೇರೆ ತಂತಿಗಳನ್ನು ಅಂಗೈಯಿಂದ ಮುಚ್ಚಬೇಕು. ಹೀಗೆ ಮಾಡದಿದ್ದರೆ ನಾದ ಕ್ಷೀಣಿಸುವಾಗ ಪೆಡಲು ಉಪಸ್ವರವನ್ನೇ ಮೂಲವೆಂದು ಭ್ರಮಿಸಿ ಒಂದು ಸ್ಥಾಯಿ ಮೇಲಕ್ಕೆ ಹಾರಿ ತೊದಲುತ್ತದೆ. ಪ್ರತಿಧ್ವನಿಯನ್ನು ಕೊಡುವ ರಿವರ್ಬ್, ಡಿಲೇ ಪೆಟ್ಟಿಗೆಗಳನ್ನು ಸಿಂಥಸೈಜರಿನ ಹಿಂದಿಡದೆ ಮುಂದಿಡಬೇಕು, ಎಂದರೆ ಅದರಿಂದ ಹೊರಬಂದ ಧ್ವನಿಯು ಅವುಗಳೊಳಕ್ಕೆ ಹೋಗಬೇಕು. ಆಗ ಸ್ವರವು ನಿಂತರೂ ಅದರ ನೆರಳು ಸ್ವಲ್ಪ ಹೊತ್ತು ಉಳಿದು ಕಡಿತದ ಗಾಯವನ್ನು ಮುಚ್ಚುತ್ತದೆ.

ಇಷ್ಟು ಶ್ರಮವೇಕೆ, ಪೆಡಲುಗಳಲ್ಲಿ ‘ಹೋಲ್ಡ್’ ಎಂಬ ಗುಂಡಿಯೇ ಬರುತ್ತದಲ್ಲ, ಅದನ್ನು ತುಳಿದರೆ ಸ್ವರವು ಕಾಲು ತೆಗೆಯುವವರೆಗೂ ನಿಲ್ಲುತ್ತದಲ್ಲ ಎಂದು ಕೇಳುವವರುಂಟು. ನಿಜ, ನಿಲ್ಲುತ್ತದೆ. ಆದರೆ ಹೇಗೆ ನಿಲ್ಲುತ್ತದೆ? ತುಳಿದ ಗಳಿಗೆಯಲ್ಲಿದ್ದ ಸ್ವರವನ್ನು ಪೆಡಲು ಹೆಪ್ಪುಗಟ್ಟಿಸಿಬಿಡುತ್ತದೆ. ಆಮೇಲೆ ನೀವು ತಂತಿಯನ್ನು ಎಳೆದರೂ ಜಾರಿಸಿದರೂ ಆ ಸ್ವರವು ಕದಲದು. ನಮ್ಮ ಸಂಗೀತದಲ್ಲಿ ಸ್ವರವೆಂದರೆ ನೆಟ್ಟ ಕಂಬವಲ್ಲ. ತೋಡಿಯ ಗಾಂಧಾರವನ್ನು ಅಲುಗಾಡದಂತೆ ನಿಲ್ಲಿಸಿದರೆ ಅದು ತೋಡಿಯ ಗಾಂಧಾರವೇ ಅಲ್ಲ. ಶ್ರುತಿ ಹಿಡಿಯುವುದಕ್ಕೆ ‘ಹೋಲ್ಡ್’ ಒಳ್ಳೆಯದು. ರಾಗ ಹಾಡುವುದಕ್ಕೆ ಸಾಲದು. ಶ್ರುತಿಗಾದರೋ ಇದಕ್ಕಿಂತ ಅಗ್ಗವಾದ ಸಾಧನ ನಮ್ಮ ರಾಜ್ಯದಲ್ಲೇ ಹುಟ್ಟಿದೆ. ಬೆಂಗಳೂರಿನ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿಯೇ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು.

ಕೀಬೋರ್ಡಿನ ಮೇಲಿನ ನನ್ನ ಆಕ್ಷೇಪಣೆಯೂ ಇದೇ. ಅದರಲ್ಲಿ ಗಾಲಿಯೊಂದನ್ನು ಹೊರಳಿಸಿ ಗಮಕಗಳನ್ನು ನುಡಿಸುವ ವಿದ್ವಾಂಸರಿದ್ದಾರೆಂಬುದನ್ನು ನಾನು ಬಲ್ಲೆ. ಅವರ ಸಾಧನೆಗೆ ನಮಸ್ಕಾರ. ಆದರೆ ಆ ಸಾಧನೆಗೆ ವರ್ಷಗಟ್ಟಲೆ ಶ್ರಮ ಬೇಕು. ಶ್ರಮ ಬೇಡವೆಂದೇ ಕೀಬೋರ್ಡನ್ನು ಕೊಳ್ಳಹೊರಟ ನಮಗೆ ಅದರಿಂದ ದಕ್ಕುವುದು ಉದ್ದವಾದ, ಆದರೆ ಸೆಟೆದು ನಿಂತ ಸ್ವರ ಮಾತ್ರ. ಗಿಟಾರಿನಲ್ಲಿಯಾದರೆ ಬೆರಳು ತಂತಿಯ ಮೇಲೆಯೇ ಇದೆ. ಎಳೆದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆ ಸೌಲಭ್ಯವನ್ನು ಮಾರಿ ಉದ್ದವನ್ನು ಕೊಳ್ಳುವುದು ಲಾಭದ ವ್ಯಾಪಾರವೆ?

ತಂತಿಯನ್ನೇ ಜೀವಂತವಾಗಿಡಬೇಕೆಂಬ ಮಾತನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿಯು 1977ರಲ್ಲಿ ಜಿಆರ್-500 ಎಂಬ ಗಿಟಾರ್ ಸಿಂಥಸೈಜರನ್ನು ಹೊರತಂದಾಗ, ಅದರ ಗಿಟಾರಿನಲ್ಲಿ ತಂತಿಗಳನ್ನು ಅಯಸ್ಕಾಂತ ಬಲದಿಂದ ಕಂಪಿಸುತ್ತಲೇ ಇರಿಸುವ ಏರ್ಪಾಟನ್ನು ಮಾಡಿತ್ತು. ಅಮೆರಿಕದ ಗ್ರೆಗ್ ಹೀಟ್ ಎಂಬವರು ರೂಪಿಸಿ, 1976ರಿಂದ ಮಾರಾಟಕ್ಕೆ ಬಂದ ಇ-ಬೋ ಎಂಬುದೊಂದು ಸಾಧನವಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. 9 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ. ತಂತಿಯ ಮೇಲೆ ಮುಟ್ಟಿಸದೆ ಹಿಡಿದರೆ ಅಯಸ್ಕಾಂತ ಕ್ಷೇತ್ರದಿಂದ ಆ ಒಂದು ತಂತಿಯನ್ನು ಎಷ್ಟು ಹೊತ್ತು ಬೇಕಾದರೂ ಕಂಪಿಸುತ್ತದೆ. ಹೆಸರೇ ಹೇಳುವಂತೆ ಇದು ವಿದ್ಯುತ್ತಿನ ಕಮಾನು. ಇದರ ನಾದವು ಪೆಡಲಿಗೆ ಹೋದಾಗ ಸ್ವರಕ್ಕೆ ಆಯುಸ್ಸೂ ಇರುತ್ತದೆ, ಎಡಗೈಯ ಗಮಕವೂ ಉಳಿಯುತ್ತದೆ. ಸಂಘದಲ್ಲಿ ಹಣ ಉಳಿದರೆ ಕೊಳ್ಳಬೇಕಾದದ್ದು ಇಂಥದನ್ನು ಎಂದು ನನ್ನ ಸೂಚನೆ.

ಪರದೇಶದ ಯಂತ್ರಗಳ ಮಾತು ನಮಗೇಕೆ ಎನ್ನುವ ಹಿರಿಯರಿಗೆ ನಮ್ಮ ಸೀಮೆಯ ಒಬ್ಬರನ್ನು ನೆನಪಿಸಬಯಸುತ್ತೇನೆ. ನಮ್ಮ ಹೆಡತಲೆಗೆ ಸಮೀಪದ ನರಸೀಪುರದ ಬಳಿ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನವರು ಪಿಟೀಲು ಚೌಡಯ್ಯನವರು. ಪಿಟೀಲು ಪರದೇಶದಿಂದ ಬಂದ ವಾದ್ಯ; ಅದಕ್ಕೆ ನಾಲ್ಕೇ ತಂತಿಗಳು. ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ಅದರ ನಾದ ಸಾಲದೆಂದು ಕಂಡು, ಅವರು ಏಳು ತಂತಿಗಳ ಪಿಟೀಲನ್ನು ಮಾಡಿಕೊಂಡರು. 1957ರಲ್ಲಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ಸಂದಿತು; 1967ರಲ್ಲಿ ಅವರು ತೀರಿಕೊಂಡರು. ವಾದ್ಯದಲ್ಲಿ ಕೊರತೆ ಕಂಡಾಗ ಅವರು ವಾದ್ಯವನ್ನು ಮಾರಲಿಲ್ಲ. ಕೊರತೆ ಎಲ್ಲಿದೆಯೆಂದು ಕೇಳಿ ತಿಳಿದು ತಂತಿಗೇ ಕೈ ಹಾಕಿದರು. ಆಂಧ್ರದಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಅವರೂ (1969–2014) ಜೋಡಿ ತಂತಿಗಳ ಮ್ಯಾಂಡೊಲಿನ್ನನ್ನು ಐದು ಒಂಟಿ ತಂತಿಗಳ ವಿದ್ಯುತ್ ವಾದ್ಯವನ್ನಾಗಿ ಮಾಡಿಕೊಂಡು, ಮೊಟುಕು ನಾದದ ಆ ವಾದ್ಯದಲ್ಲಿ ರಾಗಾಲಾಪನೆಯನ್ನು ಹರಿಸಿದರು.

ವೀಣೆಯ ಇತಿಹಾಸವಂತೂ ನಾದದ ಅಲ್ಪಾಯುಸ್ಸಿನೊಡನೆ ನಡೆದ ಹೋರಾಟವೇ ಸರಿ. ಒಂದು ಮೀಟಿನ ನಾದವು ಆರುವುದರೊಳಗೆ ತಂತಿಯನ್ನು ಎಳೆದೆಳೆದು ಹಲವು ಸ್ವರಗಳನ್ನು ಹಾಡಿಸುವುದು ತಂಜಾವೂರಿನ ಕಡೆಯ ದಾರಿ. ನಮ್ಮ ಮೈಸೂರು ಬಾನಿಯವರು ಬೆರಳುಗಳನ್ನು ಬಿಡಿಸಿ, ಮೀಟುಗಳನ್ನು ಹತ್ತಿರಹತ್ತಿರ ಪೋಣಿಸಿ, ಮುತ್ತಿನ ಸರದಂತೆ ನುಡಿಸಿದರು. ವೀಣೆ ಶೇಷಣ್ಣನವರು (1852–1926), ವೆಂಕಟಗಿರಿಯಪ್ಪನವರು (1887–1952), ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಬೆಳೆಸಿದ ಆ ಬಾನಿಯು ನಮಗೊಂದು ಪಾಠವನ್ನು ಹೇಳುತ್ತದೆ. ನಾದ ನಿಲ್ಲದ ಕಡೆ ಮುಂದಿನ ಮೀಟನ್ನು ಎಲ್ಲಿ ಇಡಬೇಕೆಂದು ತಿಳಿದವನಿಗೆ ಅಲ್ಪಾಯುಸ್ಸೂ ಅಡ್ಡಿಯಲ್ಲ. ಸಾಲಿನ ನಡುವೆ, ಹೊಸ್ತಿಲು ಮುಚ್ಚುವ ಮುನ್ನವೇ ಮೃದುವಾಗಿ ಮತ್ತೊಮ್ಮೆ ಮೀಟಿದರೆ ಪೆಡಲಿನ ಧ್ವನಿಯು ಕಡಿಯದೆ ಸಾಗುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಅನೇಕರು ನನ್ನಂತೆ ಮನೆತನದಲ್ಲಿಯೇ ಮೊದಲು ಕಾಲೇಜು ಕಂಡವರು. ಅಪ್ಪ ಕಬ್ಬಿನ ಗದ್ದೆಯಲ್ಲಿ ದುಡಿದ ಹಣದಿಂದ ಬಸ್ಸಿಗೂ ಪುಸ್ತಕಕ್ಕೂ ಒದಗಿಸಿಕೊಳ್ಳುವವರು. ಇಂಥವರಿಗೆ ‘ಈ ಪೆಟ್ಟಿಗೆ ಸಾಲದು, ಆ ಪೆಟ್ಟಿಗೆ ಕೊಳ್ಳು’ ಎಂಬ ಸಲಹೆಯು ಬಾಗಿಲನ್ನು ಮುಚ್ಚಿದಂತೆ. ಸಂಗೀತವು ಹಣವಂತರ ಸ್ವತ್ತೆಂಬ ಭಾವನೆ ಒಮ್ಮೆ ಮನಸ್ಸಿನಲ್ಲಿ ಬೇರೂರಿದರೆ ಹಳ್ಳಿಯ ಹುಡುಗ ಹುಡುಗಿಯರು ಸಂಘದ ಕೊಠಡಿಯ ಕಡೆಗೆ ತಲೆಹಾಕುವುದಿಲ್ಲ. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ರಾತ್ರಿಯೆಲ್ಲ ಹಾಡುವ ನೀಲಗಾರರ ಕೈಯಲ್ಲಿರುವುದು ಒಂದು ತಂಬೂರಿ, ಗಗ್ಗರ, ಡಕ್ಕಿ, ತಾಳ. ತಂಬೂರಿಯ ನಾದವೂ ಮೀಟಿದೊಡನೆ ಕ್ಷೀಣಿಸುವಂಥದೇ. ಒಂದು ಮೀಟು ಆರುವ ಮೊದಲು ಇನ್ನೊಂದನ್ನು ಕೊಟ್ಟು ಬೆಳಗಿನವರೆಗೂ ಅದನ್ನು ಬಾಳಿಸುತ್ತಾರೆ. ಯಾವ ಅಂಗಡಿಯಲ್ಲಿಯೂ ಕೊಳ್ಳದ ವಿದ್ಯೆ ಅದು. ಸಾಧನ ಬೇಡವೆಂದು ನನ್ನ ವಾದವಲ್ಲ. ಇರುವ ಸಾಧನದ ಪೂರ್ಣ ಫಲವನ್ನು ಪಡೆಯುವ ಮೊದಲೇ ಅದನ್ನು ಎಸೆಯಬಾರದೆಂದು ನನ್ನ ವಾದ.

ಆದುದರಿಂದ ಸಂಘದ ಅಧ್ಯಾಪಕರಲ್ಲಿಯೂ ಮಿತ್ರರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಗಿಟಾರನ್ನೂ ಪೆಡಲನ್ನೂ ಇನ್ನೊಂದು ವರ್ಷ ಉಳಿಸಿಕೊಳ್ಳೋಣ. ಈ ತಿಂಗಳಲ್ಲೇ ಹೊಸ ತಂತಿ ಹಾಕಿಸಿ, ತಂತಿಯ ಎತ್ತರವನ್ನೂ ಪಿಕಪ್ಪಿನ ಎತ್ತರವನ್ನೂ ಸರಿಪಡಿಸೋಣ. ಸಂಘದ ಕೊಠಡಿಯ ಪ್ಲಗ್ಗಿಗೆ ಸರಿಯಾದ ಭೂಸಂಪರ್ಕವನ್ನು ಕೊಡಿಸೋಣ. ಆಮೇಲೂ ಕೊರತೆ ಕಂಡರೆ ಒಂದು ಕಂಪ್ರೆಸರನ್ನು ಕೊಳ್ಳೋಣ. ಅದಕ್ಕೂ ಮೀರಿದ್ದು ಬೇಕಾದರೆ ಇ-ಬೋ ವಿಚಾರವನ್ನು ನೋಡೋಣ. ಈ ವಸ್ತುಗಳನ್ನು ಗ್ರಂಥಾಲಯದ ಪುಸ್ತಕಗಳಂತೆ ದಾಖಲೆ ಪುಸ್ತಕದಲ್ಲಿ ಬರೆದು, ಸರದಿಯ ಪ್ರಕಾರ ಎಲ್ಲ ವಿದ್ಯಾರ್ಥಿಗಳಿಗೂ ಅಭ್ಯಾಸಕ್ಕೆ ಕೊಡುವಂತಾಗಲಿ. ವಾರಕ್ಕೆ ಒಂದು ಗಂಟೆ ವೀಣೆ ಬಲ್ಲವರೊಬ್ಬರನ್ನು ಕರೆಸಿ ಎಡಗೈಯ ಕೆಲಸವನ್ನು ಕಲಿಯುವಂತಾಗಲಿ.

ನಾನು ಈ ವರ್ಷ ಪದವಿ ಮುಗಿಸಿ ಹೋಗುವವನು. ಮುಂದೆ ಇವುಗಳನ್ನು ನುಡಿಸುವವರು ಈಗ ಮೊದಲ ವರ್ಷದಲ್ಲಿರುವ ತಮ್ಮಂದಿರು, ತಂಗಿಯರು. ಅವರು ಬರುವ ವೇಳೆಗೆ ಕೊಠಡಿಯಲ್ಲಿ ಗಿಟಾರು ಇರಬೇಕು, ಅದರ ತಂತಿ ಹೊಸದಿರಬೇಕು, ಅದನ್ನು ಮುಟ್ಟಲು ಯಾರ ಅಪ್ಪಣೆಯೂ ಹಣವೂ ಬೇಕಾಗಬಾರದು. ಇಷ್ಟನ್ನು ಸಂಘವು ನಡೆಸಿಕೊಟ್ಟರೆ ನಾದದ ಆಯುಸ್ಸನ್ನು ಹೆಚ್ಚಿಸುವ ಉಳಿದ ಕೆಲಸವನ್ನು ಅವರ ಬೆರಳುಗಳೇ ನೋಡಿಕೊಂಡಾವು.